ಕೊಳ್ಳದಲ್ಲಿ ಬಿಳಿ ಬಾಲದ ಹಕ್ಕಿ

ರಾಣೆಬೆನ್ನೂರು ದಾಟಿ ಬಂದು, ಗುಡ್ಡದ ನಡುವಿನ ಈ ಕೊಳ್ಳದಲ್ಲಿ ಬೆಳಗಿನಿಂದ ಕುಂತಿದ್ದೇವೆ, ನಾನು ಮತ್ತು ನಮ್ಮ ಚಿಗವ್ವ. ಎರಡೂ ಕಡೆ ಕಡಿದಾದ ಬಂಡೆ, ತಳದಲ್ಲಿ ಸಣ್ಣ ಝರಿ. ಸಣ್ಣವರಿದ್ದಾಗ ಆಕೆ ಮತ್ತು ನಮ್ಮವ್ವ ಇಲ್ಲಿಗೆ ಕಟ್ಟಿಗೆಗೆ ಬರುತ್ತಿದ್ದರಂತೆ. ಚಳಿಗಾಲದಲ್ಲಿ ಉದ್ದ ಬಿಳಿ ಬಾಲದ ರಾಜಹಕ್ಕಿ ನೀರಿಗೆ ಇಳಿಯುವುದನ್ನು ಅಕ್ಕತಂಗಿ ಕೂಡಿ ನೋಡುತ್ತಿದ್ದರಂತೆ. ಅವ್ವ ತೀರಿಕೊಂಡ ಮೇಲೆ ಚಿಗವ್ವನದು ಒಂದೇ ಮಾತು: "ಆ ಬಿಳಿ ಬಾಲದ ಹಕ್ಕಿ ಒಮ್ಮೆ ತೋರಿಸೋ ತಮ್ಮಾ. ನಿಮ್ಮವ್ವ ಬಾಜೂಕ ಕುಂತಂಗ ಆಗತೈತಿ."

ಹಕ್ಕಿ ಬಂತು. ರಿಬ್ಬನ್ನಿನಂಥ ಬಾಲ ಇಳಿಬಿಟ್ಟು ನೀರಿನ ಮೇಲಿನ ಟೊಂಗೆಗೆ ಕುಂತಿತು. ನಾನು ಬೆರಳು ಮಾಡಿದೆ. ಉಸಿರಿನ ಸದ್ದೂ ಆಗಬಾರದೆಂದು ಚಿಗವ್ವ ಹೆಗಲ ಮೇಲಿನ ಅರಿವಿಯನ್ನು ಮೂಗಿಗೆ ಒತ್ತಿಕೊಂಡು ಕತ್ತೆತ್ತಿದಳು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗ ದಿನಾ ಮೂಗಿಗೆ ಕಟ್ಟಿಕೊಳ್ಳುವ ಅರಿವಿ ಅದು. ಘಾಟು ನೆತ್ತಿಗೇರಿತು. ಆಕೆ ಸೀನಿದ ಸದ್ದು ಎರಡೂ ಬಂಡೆಗೆ ಬಡಿದು ತಿರುಗಿ ಬಂತು. ಆಕೆ ಕಣ್ಣು ತೆರೆದಾಗ ಟೊಂಗೆ ಖಾಲಿ.

"ಕಂಡಿತೇನ ಚಿಗವ್ವಾ?"

"ಎಲ್ಲೀದು. ಕಣ್ಣೀರ ಬಂತು, ಹಕ್ಕಿ ಹೋತು. ನಿಮ್ಮವ್ವ ಇದ್ದಿದ್ರ ಹೊಟ್ಟಿ ಹಿಡಕೊಂಡು ನಗತಿದ್ಲು."

ಹಕ್ಕಿಯ ನೀರಿಗೆ ಖಾರ ತಾಗದಂತೆ ಕೆಳಗಿನ ಮಡುವಿಗೆ ಹೋಗಿ ಅರಿವಿ ಒಗೆದು, ಬಿಸಿಲಿನ ಬಂಡೆಗೆ ಹರವಿದಳು.

"ಇದು ಒಣಗೂತನಕ ಕುಂದ್ರೂಣು. ಆಮ್ಯಾಲೆ ಬಸ್ಸಿಗೆ ಹೋಗೂಣಂತ."

ಈಗ ಬಿಸಿಲು ಕೊಳ್ಳ ಬಿಟ್ಟು ಮೇಲೇರಿದೆ. ಅರಿವಿ ಒಣಗಿ ಗಾಳಿಗೆ ಏಳುತ್ತಿದೆ. ಚಿಗವ್ವ ಅದರ ಮೇಲೊಂದು ಕಲ್ಲಿಟ್ಟು, ಮತ್ತೆ ಟೊಂಗೆಯ ಕಡೆ ನೋಡುತ್ತ ಕುಂತಳು.

"ಇನ್ನೂ ಹಸಿ ಐತಿ," ಅಂದಳು.