ಸೌದೆ ನೆಟ್ಟ ಬೇಲಿ

ನೆರಿಸ್ ಪ್ರಾಸರ್‌ಗೆ ಇಪ್ಪತ್ಮೂರು ವರ್ಷ. ವೇಲ್ಸ್‌ನ ಗಡಿಗುಡ್ಡಗಳಲ್ಲೇ ಹುಟ್ಟಿ ಬೆಳೆದವಳು. ಜೊತೆಗೆ ಓದಿದವರೆಲ್ಲ ಕಾರ್ಡಿಫ್‌ನ ಆಫೀಸುಗಳಲ್ಲಿ ಬೆಚ್ಚಗೆ ಕೂತಿದ್ದರೆ, ಇವಳು ಹೊಲದ ಮುಳ್ಳುಬೇಲಿಗೆ ಮೈಕೈ ಗೀರಿಸಿಕೊಂಡು ಅದರಲ್ಲೇ ಬದುಕು ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಳು. ಪ್ರಕೃತಿ ಉಳಿಸುವ ಸಂಸ್ಥೆಯೊಂದರಲ್ಲಿ ಎರಡು ವರ್ಷದಿಂದ ತರಬೇತಿ. ಫೆಬ್ರವರಿಯೊಳಗೆ ಪೆಂಟ್ರೆ ಹೊಲದ ದಾರಿಯ ಇನ್ನೂರು ಮೀಟರ್ ಹಳೆಯ ಗಿಡಬೇಲಿಯನ್ನು ಹೊಸದಾಗಿ ಹೆಣೆದು ಮುಗಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ. ಮಾರ್ಚ್ ಬಂತೆಂದರೆ ಹಕ್ಕಿಗಳು ಗೂಡು ಕಟ್ಟಲು ಶುರುಮಾಡುತ್ತವೆ. ಆಮೇಲೆ ಬೇಲಿಗೆ ಕತ್ತಿ ತಾಗಿಸುವ ಹಾಗಿಲ್ಲ.

ಕೆಲಸ ಕಲಿಸಿದ್ದು ನೆರೆಯ ಇದ್ವಲ್ ಅಜ್ಜ. ಎತ್ತರಕ್ಕೆ ಬೆಳೆದು ಬುಡದಲ್ಲಿ ಬರಿದಾದ ಮುಳ್ಳುಗಿಡದ ಕಾಂಡವನ್ನು ನೆಲಮಟ್ಟದಲ್ಲಿ ಓರೆಯಾಗಿ ಕಡಿಯಬೇಕು, ಆದರೆ ಪೂರ್ತಿ ಅಲ್ಲ. ತೊಗಟೆಯ ಜೊತೆ ತೆಳ್ಳನೆಯ ಪಟ್ಟಿಯೊಂದನ್ನು ಉಳಿಸಿ, ಕಾಂಡವನ್ನು ಏರಿನ ಕಡೆಗೆ ಮಲಗಿಸಿ, ಗೂಟಗಳ ನಡುವೆ ಹೆಣೆಯಬೇಕು. ಆ ಪಟ್ಟಿಯೊಳಗೇ ರಸ ಹರಿದು ಗಿಡ ಮತ್ತೆ ಚಿಗುರುತ್ತದೆ.

"ಪಟ್ಟಿ ಹರಿದ್ರೆ ಮುಗೀತು, ಕೂಸೇ. ಆಮೇಲೆ ಅದು ಬೇಲಿಯಲ್ಲ, ಸೌದೆ," ಎನ್ನುತ್ತಿದ್ದ ಅಜ್ಜ. "ಚಳಿಗಾಲ್ದಾಗೆ ಯಾವನ ಬೇಲಿ ನೋಡಿದ್ರೂ ಚೆಂದಾನೇ. ಮೇ ತಿಂಗಳಲ್ಲಿ ಚಿಗುರು ಬರೋವಾಗ ಗೊತ್ತಾಗ್ತದೆ ಯಾವನು ಕೆಲಸಗಾರ, ಯಾವನು ಕಳ್ಳ ಅಂತ."

ಫೆಬ್ರವರಿ ನಡುವಿಗೆ ನೆರಿಸ್ ಮುಗಿಸಿದ್ದು ಅರವತ್ತೇ ಮೀಟರ್. ಸಂಸ್ಥೆಯ ಮೇಲಧಿಕಾರಿ ಕ್ರಿಸ್ಪಿನ್‌ಗೆ ತಳಮಳ. ಗಿಡದ ಹೆಸರು ಗೊತ್ತಿಲ್ಲದಿದ್ದರೂ ಅದರ ಮುಂದೆ ಹೇಗೆ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆಂದು ಚೆನ್ನಾಗಿ ಗೊತ್ತಿದ್ದ ಆಸಾಮಿ ಅವನು. ನೆರಿಸ್‌ಳನ್ನು ನಾಲ್ಕು ದಿನ ಬೇರೆ ಕೆಲಸಕ್ಕೆ ಕಳಿಸಿ, ಹೊರಗಿನಿಂದ ಗುತ್ತಿಗೆಯ ಗುಂಪೊಂದನ್ನು ಯಂತ್ರದ ಗರಗಸ ಸಮೇತ ಇಳಿಸಿದ. ಅವಳು ವಾಪಸು ಬಂದಾಗ ಇನ್ನೂರು ಮೀಟರ್ ಬೇಲಿ ಗೆರೆ ಹೊಡೆದಂತೆ ನಿಂತಿತ್ತು.

ಅವಳಿಗೆ ಆಗಲೇ ಅನುಮಾನ. ಬಗ್ಗಿ ಆ ಗುಂಪು ಮಾಡಿದ ಭಾಗದ ಒಂದು ಕಾಂಡದ ಬುಡ ಹಿಡಿದು ಇಳಿಜಾರಿಗೆ ಎಳೆದಳು. ಸಲೀಸಾಗಿ ಕೈಗೇ ಬಂತು. ಗರಗಸದಲ್ಲಿ ಪೂರ್ತಿ ಕೊಯ್ದು, ತುದಿಯನ್ನು ಮಣ್ಣಿಗೆ ಚುಚ್ಚಿ, ಹೆಣೆದು ನಿಲ್ಲಿಸಿದ್ದರು. ಪಕ್ಕದ ಬುಡದ ಬಿಳಿ ಗಾಯ ಕಾಣದಂತೆ ಕೆಸರು ಮೆತ್ತಿದ್ದರು. ಥೂ, ಹೆಣಕ್ಕೆ ಪೌಡರ್ ಹಚ್ಚಿ ಕೂರಿಸಿದ್ದಾರಲ್ಲ ಎಂದುಕೊಂಡಳು.

"ಕ್ರಿಸ್ಪಿನ್, ಇದು ಸತ್ತಿದೆ. ಪೂರ್ತಿ," ಎಂದಳು ಫೋನಿನಲ್ಲಿ.

"ಶನಿವಾರ ದೇಣಿಗೆ ಕೊಟ್ಟವರು ಬರ್ತಾರೆ. ಅವ್ರಿಗೆ ಏನು ತಿಳಿಯತ್ತೆ? ಮುಂದಿನ ವರ್ಷ ಹೊಸ ಸಸಿ ಹಾಕೋಣ ಬಿಡು. ಬೇಲಿ ಜೀವಂತ ಇದೆ ಅಂತ ಒಂದು ಸಹಿ ಹಾಕ್ಬಿಡು, ಸೋಮವಾರ ನಿನ್ನ ಕೆಲಸದ ಪತ್ರ ಕೈಗೆ."

ಶನಿವಾರ ಬಂದವರಲ್ಲಿ ಮುಖ್ಯವಾದವಳು ಲವಿನಿಯಾ ಹ್ಯಾವರ್ಗಲ್. ಹೊಸ ಬೂಟು, ಕೆಸರು ಕಂಡರೆ ಒಂದು ಚೂರು ನಗು. ದಾರಿಯಲ್ಲೇ ಮೇಜು ಹಾಕಿ ಚಹಾ, ಒಣದ್ರಾಕ್ಷಿಯ ಬಿಲ್ಲೆ ಕೇಕು ಇಟ್ಟಿದ್ದರು. ಕ್ರಿಸ್ಪಿನ್ ಬಾಯಿತುಂಬ ಮಾತಾಡಿದ. "ನಮ್ಮ ಯುವಜನರ ಕೈಯಲ್ಲಿ ಮರುಹುಟ್ಟು ಪಡೆದ ಬೇಲಿ!" ಚಪ್ಪಾಳೆ ಬಿತ್ತು. ನೆರಿಸ್‌ಗೆ ಚಪ್ಪಾಳೆಯ ಸದ್ದೇ ಅಸಹ್ಯವಾಯಿತು. ಅವಳು ಹೋಗಿ ಒಂದು ಕಾಂಡ ಕಿತ್ತು ಮೇಜಿನ ಮುಂದೆ ಹಾಕಿದಳು. ಆಮೇಲೆ ಎರಡನೆಯದು, ಮೂರನೆಯದು.

"ಅಬ್ಬಾ, ಎಂಥ ಗಟ್ಟಿ ಕೈ ಹುಡುಗೀದು!" ಎಂದಳು ಲವಿನಿಯಾ.

"ಗಟ್ಟಿ ಕೈ ಅಲ್ಲ ಮೇಡಂ, ಸೌದೆ ಇದು. ಬೇಲಿ ಹೇಗಿರ್ಬೇಕು ಅಂತ ನೋಡ್ಬೇಕಾದ್ರೆ ಮೇಲ್ಗಡೆ ಬನ್ನಿ. ಅದು ನಾನು ಮಾಡಿದ್ದು. ನೀವೇ ಎಳೆದು ನೋಡಿ."

ಎಲ್ಲರೂ ಏರು ಹತ್ತಿದರು. ಲವಿನಿಯಾ ಕೈಗವಸು ಹಾಕಿ ಎಳೆದಳು. ಮೊದಲನೆಯದು ಜಗ್ಗಲಿಲ್ಲ. ಎರಡನೆಯದೂ ಅಷ್ಟೆ. ಮೂರನೆಯದು ಕಿತ್ತು ಬಂತು.

ನೆರಿಸ್ ಬಗ್ಗಿ ಅದರ ತುದಿ ನೋಡಿದಳು. ಗರಗಸದ ಗುರುತಲ್ಲ, ಕತ್ತಿಯ ಓರೆ ಏಟು. ಪಕ್ಕದ ಬುಡಕ್ಕೆ ಒಣಗಿದ ಕೆಸರು ಅಂಟಿತ್ತು. ಜನವರಿಯ ಒಂದು ಸಂಜೆ, ಆಲಿಕಲ್ಲು ಬೀಳುವಾಗ, ಕೈ ಮರಗಟ್ಟಿ ಏಟು ಆಳಕ್ಕೆ ಹೋಗಿ ಪಟ್ಟಿ ಹರಿದಿತ್ತು. ಅವಳು ಆಚೀಚೆ ನೋಡಿ, ಕಾಂಡವನ್ನು ನೆಲಕ್ಕೆ ಚುಚ್ಚಿ, ಬುಡಕ್ಕೊಂದು ಹಿಡಿ ಕೆಸರು ಬಳಿದಿದ್ದಳು. ಒಂದೇ ಒಂದು. ಅಂದೇ ಮರೆತೂಬಿಟ್ಟಿದ್ದಳು. ಆ ಗುಂಪಿನವರ ಮೇಲಿದ್ದ ಹೇಸಿಗೆಯೆಲ್ಲ ಈಗ ತನ್ನ ಮೇಲೇ ಬಂದು ಬಿತ್ತು.

"ಇದು ನಂದೇ, ಮೇಡಂ," ಎಂದಳು. "ತಪ್ಪು ಮಾಡಿ ಮುಚ್ಚಿಟ್ಟಿದ್ದೆ."

ಕ್ರಿಸ್ಪಿನ್‌ನ ಮುಖಕ್ಕೆ ಜೀವ ಬಂತು. "ನೋಡಿದ್ರಾ? ಎಂಥ ಬೇಲಿಯಲ್ಲೂ ಒಂದೆರಡು ಹೋಗ್ತವೆ. ಪಾಪ, ಹುಡುಗಿ ಗಾಬರಿಯಾಗಿದಾಳೆ ಅಷ್ಟೆ."

"ಹೌದಲ್ವಾ, ಪ್ರಕೃತಿ ಅಂದ್ಮೇಲೆ ಅಷ್ಟೆ," ಎಂದು ಲವಿನಿಯಾ ಹಗುರಾಗಿ ಚಹಾದ ಕಡೆಗೆ ಇಳಿದಳು. ಉಳಿದವರು ಹಿಂಬಾಲಿಸಿದರು. ಕೆಳಗೆ ಬಿದ್ದಿದ್ದ ಮೂರು ಕಾಂಡಗಳನ್ನು ದಾಟಿಕೊಂಡೇ ಹೋದರು. ಒಬ್ಬರೂ ನಾಲ್ಕನೆಯದನ್ನು ಎಳೆದು ನೋಡಲಿಲ್ಲ.

ಕ್ರಿಸ್ಪಿನ್ ಕಾಗದ, ಪೆನ್ನು ಚಾಚಿ ಪಿಸುಗುಟ್ಟಿದ. "ಈಗ್ಲಾದ್ರೂ ಸಹಿ ಹಾಕು. ನೀನೇನು ನಮಗಿಂತ ದೊಡ್ಡ ಸಾಚಾನಾ?"

ನೆರಿಸ್ ಕಾಗದ, ಪೆನ್ನು ತೆಗೆದುಕೊಂಡು, ಹಿಂಬದಿಗೆ ತಿರುಗಿಸಿ ಎರಡು ಸಾಲು ಬರೆದಳು. ಮೇಲಿನ ಅರವತ್ತು ಮೀಟರಿನಲ್ಲಿ ಒಂದು ಕಾಂಡ ಸತ್ತಿದೆ, ಆ ತಪ್ಪು ನನ್ನದು. ಕೆಳಗಿನ ನೂರ ನಲವತ್ತು ಮೀಟರ್ ಪೂರ್ತಿ ಸತ್ತಿದೆ, ಅದು ನನ್ನದಲ್ಲ. ಕೆಳಗೆ ಹೆಸರು ಬರೆದು ಕೊಟ್ಟಳು.

ಸೋಮವಾರ ಸಂಸ್ಥೆಯಿಂದ ಪತ್ರ ಬಂತು. ತರಬೇತಿ ಮುಗಿದಿದೆ, ಕಾಯಂ ಕೆಲಸ ಕೊಡಲಾಗುವುದಿಲ್ಲ ಎಂದಿತ್ತು. ಕೊಟ್ಟ ಕಾರಣ ಒಂದೇ: ಬೇಲಿ ಕೆಲಸದಲ್ಲಿ ತಪ್ಪು ಮಾಡಿ ಮುಚ್ಚಿಟ್ಟಿದ್ದನ್ನು ನೆರಿಸ್ ಪ್ರಾಸರ್ ತಾನಾಗಿಯೇ ಬರೆದು ಒಪ್ಪಿಕೊಂಡಿದ್ದಾಳೆ. ಎರಡನೆಯ ಸಾಲಿನ ಸುದ್ದಿಯೇ ಪತ್ರದಲ್ಲಿ ಇರಲಿಲ್ಲ.