ಚಾ ಆತೇನ್ರಿ?

ನಮ್ಮ ರಾಯಚೂರಿನಲ್ಲಿ ‘ಚಾ ಆತೇನ್ರಿ?’ ಎಂಬುದು ಪ್ರಶ್ನೆಯಲ್ಲ, ನಮಸ್ಕಾರ. ‘ಆತ್ರಿ’ ಎಂಬುದೂ ಉತ್ತರವಲ್ಲ, ಪ್ರತಿನಮಸ್ಕಾರ. ಕೇಳಿದವನಿಗೆ ಕುಡಿಸುವ ಮನಸ್ಸಿರಬೇಕೆಂದೇನಿಲ್ಲ, ಹೇಳಿದವನು ಕುಡಿದಿರಬೇಕೆಂದೂ ಇಲ್ಲ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಮಧ್ಯಾಹ್ನದಲ್ಲೂ ನಾವು ಈ ಮರ್ಯಾದೆ ತಪ್ಪಿಸುವುದಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಮಾಸ್ತರ. ಪದಗಳ ಬೇರು ಕೆದಕುವುದು ನನ್ನ ಚಟ. ಬೇರೆ ಚಟವಾಗಿದ್ದರೆ ಬಿಡಿಸಲಿಕ್ಕೆ ಡಾಕ್ಟರಾದರೂ ಸಿಗುತ್ತಿದ್ದರು. ಚೀನಾದವರು ಒಂದೇ ಅಕ್ಷರ ಬರೆದು, ಒಂದು ಕಡೆ ಅದನ್ನು ‘ಚಾ’ ಎಂದು ಓದಿದರಂತೆ, ಇನ್ನೊಂದು ಕಡೆಯ ಕರಾವಳಿಯಲ್ಲಿ ‘ತೆ’ ಎಂದರಂತೆ. ‘ಚಾ’ ನೆಲದ ದಾರಿ ಹಿಡಿದು ಪರ್ಷಿಯಾ ಮುಟ್ಟಿ ‘ಚಾಯ್’ ಆಯಿತು. ‘ತೆ’ ಡಚ್ಚರ ಹಡಗು ಹತ್ತಿ, ಇಂಗ್ಲಿಷರ ಬಾಯಿಗೆ ಬಿದ್ದು ‘ಟೀ’ ಆಯಿತು. ನೆಲದ್ದೂ ನೀರಿನದ್ದೂ ಎರಡೂ ನಮ್ಮ ಜಿಲ್ಲೆಗೆ ಬಂದು ಸೇರಿವೆ. ನಿಜಾಮರ ಕಾಲದ ಓಣಿಗಳಲ್ಲಿ ಚಾಯ್, ಮಾನ್ವಿ ಕಡೆ ಚಾ, ಪಾಠ ಹೇಳುವಾಗ ನನ್ನ ಬಾಯಲ್ಲಿ ಚಹಾ, ಮಟಮಾರಿ ದಾಟಿ ತೆಲುಗು ಸೀಮೆ ಹತ್ತಿರವಾದಂತೆ ಟೀ. ಗಿಲ್ಲೆಸುಗೂರಿನ ಬಸ್ಸಿನಲ್ಲಿ ಕೂತರೆ ಎಲ್ಲವೂ ಒಟ್ಟಿಗೇ ಕೇಳುತ್ತವೆ, ಯಾರಿಗೂ ಜಗಳವಿಲ್ಲ.

ಕಾಫಿಯ ಕಥೆ ಇನ್ನೂ ಮಜವಾಗಿದೆ. ಅರಬರ ‘ಕಹ್ವಾ’ ತುರ್ಕರಲ್ಲಿ ‘ಕಹ್ವೆ’ಯಾಗಿ, ಯುರೋಪು ಸುತ್ತಿ ನಮ್ಮಲ್ಲಿ ಕಾಫಿಯಾಯಿತು. ಹಳೆಯ ಅರಬ್ಬಿಯಲ್ಲಿ ಕಹ್ವಾ ಎಂದರೆ ದ್ರಾಕ್ಷಿಯ ಮದ್ಯ ಎಂದೂ ಅರ್ಥವಿತ್ತೆಂದು ನಿಘಂಟಿನವರು ಹೇಳುತ್ತಾರೆ. ರಾತ್ರಿಯ ಜಪಕ್ಕೆ ನಿದ್ದೆ ಅಡ್ಡ ಬರದಿರಲೆಂದು ಸೂಫಿ ಫಕೀರರು ಕಾಫಿ ಕುಡಿಯುತ್ತಿದ್ದರಂತೆ. ಹೀಗೆ ಹೆಂಡದ ಹೆಸರು ಹೊತ್ತು, ಫಕೀರರ ಬಟ್ಟಲಿನಿಂದ ಹೊರಟದ್ದು ನೆಟ್ಟಗೆ ನಮ್ಮ ವೈಷ್ಣವರ ಅಡುಗೆಮನೆಗೆ ಹೋಗಿ ಹಿತ್ತಾಳೆ ಫಿಲ್ಟರಿನಲ್ಲಿ ಕೂತುಬಿಟ್ಟಿತು. ಅದರ ಕುಲಗೋತ್ರವನ್ನು ಯಾರೂ ಕೇಳಲಿಲ್ಲ. ಕೇಳುವುದೇನಿದ್ದರೂ ಕಾಸಿ ಕೊಡುವವರದ್ದು.

ಈ ಮಾತು ಯಾಕೆ ಬಂತೆಂದರೆ, ನನ್ನ ಸಹೋದ್ಯೋಗಿ ವೆಂಕೋಬಾಚಾರ್ರು. ಮಾನ್ವಿಯ ವೈಷ್ಣವ ಮನೆತನ, ಸಂಸ್ಕೃತದ ಮಾಸ್ತರು. ನಾನು ಅದೇ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನವನು. ನಾವು ಬೌದ್ಧರು, ಅಪ್ಪ ಅವ್ವ ಭತ್ತದ ಗದ್ದೆಯಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದರು. ಕಾಲೇಜಿನ ಕ್ಯಾಂಟೀನಿನಲ್ಲಿ ನಮ್ಮಿಬ್ಬರದು ದಿನಾ ಒಂದೇ ಚಾ: ಕಪ್ಪಿನಲ್ಲಿ ಉಳಿದದ್ದು ಅವರಿಗೆ, ಬಶಿಗೆ ಸುರಿದದ್ದು ನನಗೆ. ದೇವದುರ್ಗಕ್ಕೆ ಪರೀಕ್ಷೆಯ ಡ್ಯೂಟಿಗೆ ಹೋದಾಗ ಬಸ್ ಸ್ಟ್ಯಾಂಡಿನ ಮಸಿ ಹಿಡಿದ ಕೆಟಲಿನ ಚಾವನ್ನೂ ಸುರ್ರನೆ ಎಳೆದವರು ಅವರು. ಒಳ್ಳೆಯ ಮನುಷ್ಯರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಭಾನುವಾರ ಪುಸ್ತಕದ ನೆಪದಲ್ಲಿ ನಮ್ಮ ಮನೆಗೆ ಬರುತ್ತಾರೆ. ಅವ್ವ ಒಳಗಿನಿಂದ ಬಂದು ‘ಚಾ ಮಾಡ್ಲೇನ್ರಿ?’ ಎನ್ನುತ್ತಾಳೆ. ಇವರು ಕೈ ಮುಗಿದು, ‘ಈಗಷ್ಟೇ ಆತ್ರಿ ಯವ್ವಾ’ ಎನ್ನುತ್ತಾರೆ. ಎಷ್ಟು ವಿನಯವೆಂದರೆ, ಒತ್ತಾಯ ಮಾಡಿದರೆ ನಮ್ಮದೇ ತಪ್ಪಾಗುತ್ತದೆ.

‘ಆಚಾರ್ರಿಗೆ ಯಾವಾಗ ಬಂದ್ರೂ ಚಾ ಆಗೇ ಇರತದಲ್ಲಪ್ಪಾ?’ ಎಂದಳು ಅವ್ವ ಒಂದು ದಿನ.

‘ಸಂಕೋಚದ ಮನುಷ್ಯಾರ ಬೇ’ ಎಂದೆ ನಾನು.

ಅಜ್ಜಿಗೆ ಕೆಮ್ಮು ಕಲಿಸಲು ಹೋದ ಹಾಗೆ. ನಮ್ಮ ಕಡೆಯ ಹೋಟೆಲುಗಳ ಹೊರಗೋಡೆಯ ಗೂಡಿನಲ್ಲಿ ಬೇರೆಯಾಗಿಟ್ಟ ಲೋಟವನ್ನು ತಾನೇ ತೊಳೆದುಕೊಂಡು, ಮೇಲಿನಿಂದ ಹೊಯ್ಯಿಸಿಕೊಂಡು ಕುಡಿದವಳು ಅವಳು. ಅವಳಿಗೆ ನಾನು ಸಂಕೋಚದ ಅರ್ಥ ಹೇಳುತ್ತಿದ್ದೆ! ಅವಳ ಆಸೆ ಒಂದೇ. ಮಗ ಕಟ್ಟಿಸಿದ ಈ ಮನೆಯಲ್ಲಿ, ಮಗನ ಗೆಳೆಯ ಎನ್ನಿಸಿಕೊಂಡವರು ಒಂದು ಗುಟುಕಾದರೂ ಕುಡಿದು ಏಳಬೇಕು. ನನಗೂ ಅದೇ ಆಸೆ. ಬಿಚ್ಚಿ ಹೇಳಲಾರದೆ ಅವಳಿಗೆ ಚೀನಾ, ಅರಬಸ್ತಾನ ಎಂದು ಪಾಠ ಶುರುಮಾಡಿದೆ. ಎಲ್ಲ ಕೇಳಿಸಿಕೊಂಡು ಅವಳು, ‘ಅಷ್ಟು ದೂರದಿಂದ ಬಂದದ್ದು ನಮ್ಮ ಪಡಸಾಲ್ಯಾಗಿಂದ ಆಚಾರ್ರ ಬಾಯಿತನ ಹೋಗವಲ್ದಲ್ಲೋ’ ಎಂದಳು.

ಬಹುಶಃ ಅವರು ಕಾಫಿಯವರಿರಬೇಕು ಎಂದು ಅವಳೇ ಒಂದು ದಾರಿ ಹುಡುಕಿದಳು. ನಾನು ಕಾಫಿಪುಡಿ ತಂದೆ. ನಮ್ಮ ಮನೆಗೆ ಕಾಫಿ ಬಂದದ್ದು ಅದೇ ಮೊದಲು. ಅವ್ವ ಅದನ್ನು ಚಾದ ಹಾಗೇ ಹಾಲು ಸಕ್ಕರೆ ಹಾಕಿ, ಶುಂಠಿ ಜಜ್ಜಿ, ಉಕ್ಕಿ ಉಕ್ಕಿ ಬರುವಂತೆ ಕುದಿಸಿದಳು. ಆಚಾರ್ರು ಆ ಘಮಕ್ಕೇ ಒಮ್ಮೆ ಬೆಚ್ಚಿ, ‘ಇವತ್ತ ಏಕಾದಶಿರಿ ಯವ್ವಾ’ ಎಂದರು. ಅವರ ತಲೆಯ ಹಿಂದೆಯೇ ನೇತಾಡುತ್ತಿದ್ದ ಕ್ಯಾಲೆಂಡರಿನಲ್ಲಿ ಅಂದು ತದಿಗೆ. ಅವರು ಹೋದಮೇಲೆ ಶುಂಠಿ ಕಾಫಿಯನ್ನು ನಾವಿಬ್ಬರೇ ಕುಡಿದೆವು. ಅದು ಏಕಾದಶಿಯನ್ನು ಹುಟ್ಟಿಸುವಷ್ಟು ಕೆಟ್ಟದಾಗಿತ್ತು ಎಂಬುದನ್ನು ಮಾತ್ರ ಒಪ್ಪಬೇಕು.

ಅಂದಿನಿಂದ ಅವ್ವ ಕೇಳುವುದನ್ನೇ ಬಿಟ್ಟಳು.

ಮುಂದಿನ ಭಾನುವಾರ ಆಚಾರ್ರು ಬಂದು ಕೂತರು. ಅವ್ವ ‘ಆರಾಮಿದ್ದೀರಿ?’ ಎಂದು ಕೇಳಿ, ಹೊಸ್ತಿಲ ಹತ್ತಿರ ಕೂತು ಅಕ್ಕಿ ಹಸನು ಮಾಡತೊಡಗಿದಳು. ನಾವು ಮಾತಾಡಿದೆವು. ಆಚಾರ್ರ ಕಣ್ಣು ಮತ್ತೆ ಮತ್ತೆ ಅಡುಗೆಮನೆಯ ಕಡೆ ಹೊರಳುತ್ತಿತ್ತು. ನಿರಾಕರಿಸಲು ಸಿದ್ಧವಾಗಿ ಬಂದವರಿಗೆ ಯಾರೂ ಏನೂ ಕೊಡದಿದ್ದರೆ ಎಷ್ಟು ಕಷ್ಟವೆಂದು ಅವತ್ತು ನೋಡಿದೆ. ಕೈ ಮುಗಿಯಲು ಅವಕಾಶವಿಲ್ಲ, ವಿನಯಕ್ಕೆ ಜಾಗವಿಲ್ಲ. ಮಾತು ಕುಂಟಿತು. ಎದ್ದರು. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡು ನಿಂತವರು, ಹೋಗಲಿಲ್ಲ.

‘ಯವ್ವಾ, ಇವತ್ತ ಚಾ ಕೇಳಲೇ ಇಲ್ಲಲ್ರಿ?’ ಎಂದರು, ನಗಲು ಪ್ರಯತ್ನಿಸುತ್ತ.

ಅವ್ವ ಮೊರದಿಂದ ತಲೆ ಎತ್ತದೆ, ‘ನಿಮಗ ಆಗಿರತದಲ್ರಿ’ ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಆಚಾರ್ರು ಸಲೀಸಾಗಿ ಹೋಗಿಬಿಡುತ್ತಿದ್ದರು. ಅವರ ಮುಖ ಕೆಂಪಾಯಿತು. ಬೀದಿಯನ್ನೊಮ್ಮೆ ನೋಡಿದರು, ನನ್ನನ್ನು ನೋಡಲಿಲ್ಲ.

‘ಇಲ್ರಿ’ ಎಂದರು ಮೆಲ್ಲಗೆ. ‘ಇನ್ನೂ ಆಗಿಲ್ಲ.’

ಅವ್ವ ಮೊರ ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು, ಯಾವ ಅವಸರವೂ ಇಲ್ಲದೆ ಎದ್ದಳು. ‘ಹಾಲು ತೀರ್ಯಾವ. ತರೂತನ ಕುಂದರಬೇಕಾಗತದ ನೋಡ್ರಿ’ ಎಂದಳು.

ಆಚಾರ್ರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನಾನು ಹಾಲಿಗೆ ಓಡಿದೆ. ಈ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ, ಓಣಿಯವರೆಲ್ಲ ನೋಡುವಂತೆ ಓಡಿದೆ. ಮಾಸ್ತರಿಗೆ ಏನಾಯಿತೆಂದು ಜನ ಅಂದುಕೊಂಡಿರಬಹುದು. ಅಂದುಕೊಳ್ಳಲಿ. ನಾನು ತಡಮಾಡಿ, ಅಷ್ಟರಲ್ಲಿ ಅವರಿಗೆ ಏಕಾದಶಿ ನೆನಪಾದರೆ?