ಚಂದ್ರನೌಕೆಯಲ್ಲಿ ಮಿಕ್ಕ ತುಂಡು

ಲಿಫ್ಟ್ ಮೇಸ್ತ್ರಿಗೆ ಜೊತೆಯವರು ಇಟ್ಟ ಹೆಸರು ರಾಕೆಟ್ಟು. ಹೆಸರು ಕೇಳಿ ಆಸಾಮಿ ಭಾರಿ ಚುರುಕು ಎಂದುಕೊಂಡರೆ ಮೋಸ ಹೋದಿರಿ. ಒಂದು ಬೋಲ್ಟು ಬಿಗಿದು, ಮುಟ್ಟಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ಮನಸ್ಸು ತಡೆಯದೆ ವಾಪಸು ಬಂದು ಇನ್ನೊಮ್ಮೆ ಮುಟ್ಟಿ ನೋಡುವ ಜಾತಿ ಅವನದು. ಆ ಹೆಸರು ಬಂದದ್ದು ಮನೆಯಲ್ಲಿರುವ ಆಟಿಕೆಗಳಿಂದ. ಐವತ್ತು ದಾಟಿದ, ಕನ್ನಡಕದ ಮೇಲಿಂದ ಇಣುಕುವ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ ಈ ಗಂಡಸು ಬಿಡುವು ಸಿಕ್ಕಿತೆಂದರೆ ಮೇಜಿನ ಮುಂದೆ ಕೂತು, ಒಂದಕ್ಕೊಂದು ಒತ್ತಿ ಕೂಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ರಾಕೆಟ್ಟು, ಉಪಗ್ರಹ, ಬಾಹ್ಯಾಕಾಶ ನಿಲ್ದಾಣ ಕಟ್ಟುತ್ತಾನೆ. ಅದು ಮಕ್ಕಳಾಟವಲ್ಲವೇ ಎಂದು ಯಾರಾದರೂ ಕೇಳಿದರೆ ಜಗಳಕ್ಕೆ ಹೋಗುವುದಿಲ್ಲ. ಮಕ್ಕಳು ಆಡುತ್ತಾರೆ, ನಾನು ಕಟ್ಟುತ್ತೇನೆ ಎಂದು ಹೇಳಿ ಕೆಲಸ ಮುಂದುವರಿಸುತ್ತಾನೆ.

ಈ ಹುಚ್ಚು ಹಿಡಿದದ್ದು ಗುಂಡಿಯೊಳಗೆ. ಪ್ರತಿ ಲಿಫ್ಟಿನ ತಳದಲ್ಲೂ ಆಳೆತ್ತರದ ಒಂದು ಗುಂಡಿ ಇರುತ್ತದೆ. ಬಾಗಿಲಿನ ಸಂದಿಯಿಂದ ಜನರ ಕೈ ಜಾರಿದ್ದೆಲ್ಲ ಅಲ್ಲಿಗೇ: ಬೀಗದ ಕೈ, ಪೆನ್ನು, ಒಂಟಿ ಕಿವಿಯೋಲೆ. ಮೇಸ್ತ್ರಿಯ ಅರ್ಧ ಆಯುಸ್ಸು ಗುಂಡಿಗಳಲ್ಲೇ ಕಳೆದಿದೆ. ಮೇಲೆ ಜನ ಓಡಾಡುತ್ತಾರೆ, ಕೆಳಗೆ ಇವನು ಗ್ರೀಸು ಮೆತ್ತಿಕೊಂಡು ಕೂತಿರುತ್ತಾನೆ. ಹಾಗೆ ಒಮ್ಮೆ ಕಸ ಬಳಿಯುವಾಗ ಬೆರಳ ತುದಿಯಷ್ಟು ದೊಡ್ಡದೊಂದು ನೀಲಿ ಗಾಜಿನಂಥ ತುಂಡು ಸಿಕ್ಕಿತು. ಕಳೆದುಕೊಂಡವರು ಬಂದು ಒಯ್ಯಿರಿ ಎಂದು ಲಿಫ್ಟಿನ ಪಕ್ಕ ಚೀಟಿ ಅಂಟಿಸಿದ. ಯಾರೂ ಬರಲಿಲ್ಲ. ಆಟಿಕೆ ಅಂಗಡಿಗೆ ಹೋಗಿ ಇದು ಯಾವುದರದ್ದು ಎಂದು ಕೇಳಿದಾಗ ಅಂಗಡಿಯವನು ರಾಕೆಟ್ಟಿನ ಚಿತ್ರವಿದ್ದ ಒಂದು ಪೆಟ್ಟಿಗೆ ತೋರಿಸಿದ. ಒಂದು ತುಂಡಿಗೆ ಮನೆ ಮಾಡಿಕೊಡಲು ಹೋಗಿ ಇಡೀ ಪೆಟ್ಟಿಗೆ ಮನೆಗೆ ಬಂತು. ಅಲ್ಲಿಂದ ಮುಂದೆ ಗೋಡೆಗೆ ಕಪಾಟು ಬಂತು, ಕಪಾಟಿನ ಮೇಲೆ ಇನ್ನೊಂದು ಕಪಾಟು ಬಂತು.

ಕಾರು, ಕೋಟೆ, ಹಡಗಿನ ಪೆಟ್ಟಿಗೆಗಳೂ ಸಿಗುತ್ತವೆ. ಅವನಿಗೆ ಬೇಡ. ಹನ್ನೆರಡನೇ ಮಹಡಿಯ ತನಕ ದಿನಾ ಹೋಗಿ ಬರುತ್ತೇನೆ, ಅದರ ಮೇಲಿನದ್ದು ಇದ್ದರೆ ಕೊಡಿ ಎನ್ನುತ್ತಾನೆ. ಹೆಂಡತಿ ಮೊದಮೊದಲು ಮುಖ ಸಿಂಡರಿಸಿದಳು, ಆಮೇಲೆ ಒಗ್ಗಿಕೊಂಡಳು. ಬೇರೆಯವರ ಗಂಡಂದಿರು ಕುಡಿದು ಬರುತ್ತಾರೆ, ನಮ್ಮವರು ಡಬ್ಬಿ ಹಿಡಿದುಕೊಂಡು ಬರುತ್ತಾರೆ, ಎರಡರಲ್ಲಿ ಇದೇ ವಾಸಿ ಎಂದು ನೆರೆಮನೆಯವಳ ಹತ್ತಿರ ಹೇಳಿದ್ದು ಮೇಸ್ತ್ರಿಯ ಕಿವಿಗೂ ಬಿದ್ದಿತ್ತು. ಅದನ್ನು ಅವನು ಹೊಗಳಿಕೆ ಎಂದೇ ತೆಗೆದುಕೊಂಡ.

ಈ ಆಟಿಕೆಗಳನ್ನು ಜೀವಮಾನವಿಡೀ ಗೇಲಿ ಮಾಡಿದವನು ಒಬ್ಬನೇ, ಅವನ ಅಣ್ಣ. ಅಣ್ಣನದು ಬೇಕರಿ ಕೆಲಸ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ನಂಬುವುದು ಕಷ್ಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಲೆಕ್ಕ. ತಮ್ಮ ಅಳೆದು ಸುರಿದು ಮಾಡುವವನು, ಅಣ್ಣ ಹಿಟ್ಟಿಗೆ ಉಪ್ಪನ್ನೂ ಕಣ್ಣಳತೆಯಲ್ಲಿ ಹಾಕುವವನು. ಆದರೂ ಅಪ್ಪ ಹೋದ ಮೇಲೆ ಓದು ಬಿಟ್ಟು ಬೇಕರಿ ಒಲೆಯ ಮುಂದೆ ನಿಂತು ದುಡಿದು, ತಮ್ಮನನ್ನು ಲಿಫ್ಟಿನ ಕೆಲಸ ಕಲಿಯಲು ಕಳಿಸಿದವನು ಅವನೇ. ಸೊಸೆಯಾಗಿ ಬಂದ ಅತ್ತಿಗೆ ಮೈದುನನನ್ನು ಮಗನ ಹಾಗೆ ನೋಡಿಕೊಂಡಳು. ಮೇಸ್ತ್ರಿಗೆ ಅಮ್ಮನ ಮುಖ ಅಷ್ಟಾಗಿ ನೆನಪಿಲ್ಲ. ಅತ್ತಿಗೆ ಊಟಕ್ಕೆ ಕರೆಯುವ ದನಿ ಮಾತ್ರ ಈಗಲೂ ನಿದ್ದೆಯಲ್ಲಿ ಕೇಳಿದಂತಾಗುತ್ತದೆ.

ಎಷ್ಟೋ ವರ್ಷ ಹಿಟ್ಟಿನ ಧೂಳು ಕುಡಿದ ಅಣ್ಣನ ಎದೆ ಕೊನೆಗೆ ಕೈಕೊಟ್ಟಿತು. ಕಿಟಕಿಯ ಪಕ್ಕದ ಮಂಚ ಹಿಡಿದ. ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ, ಹಾಸಿಗೆಯ ಅಂಚನ್ನೇ ಹಿಟ್ಟಿನ ಹಾಗೆ ನಾದುತ್ತಿದ್ದ. ನೋಡಲಾರದೆ ಮೇಸ್ತ್ರಿ ಒಂದು ಚಂದ್ರನೌಕೆಯ ಪೆಟ್ಟಿಗೆ ತಂದು ಮಡಿಲಲ್ಲಿಟ್ಟ. ಅಣ್ಣ ಬಾಯಿತುಂಬ ಬೈದ. ಮರುದಿನ ಹೋಗಿ ನೋಡಿದರೆ ನೌಕೆಯ ನಾಲ್ಕು ಕಾಲು ಎದ್ದು ನಿಂತಿದ್ದವು.

ಜೊತೆಗೆ ಬಂದಿದ್ದ ಚಿತ್ರದ ಪುಸ್ತಕವನ್ನು ಅಣ್ಣ ಬೀಸಣಿಗೆ ಮಾಡಿಕೊಂಡಿದ್ದ. ನೋಡಿಕೊಂಡು ಕಟ್ಟುವುದಾದರೆ ತಲೆ ಯಾಕೆ ಎನ್ನುತ್ತಿದ್ದ. ಹೀಗಾಗಿ ಏಣಿ ಎಡಗಡೆಗೆ ಬಂತು, ಕೆಂಪು ದೀಪದ ಜಾಗಕ್ಕೆ ಹಸಿರು ದೀಪ ಬಂತು. ಮೇಸ್ತ್ರಿ ದಿನಾ ತಪ್ಪು ಎತ್ತಿ ತೋರಿಸುವುದು, ಅಣ್ಣ ದಿನಾ ಕೈ ಝಾಡಿಸುವುದು, ಅತ್ತಿಗೆ ಇಬ್ಬರನ್ನೂ ಸೇರಿಸಿ ಬೈಯುವುದು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು.

ನೌಕೆ ಮುಗಿದ ದಿನ ಅಣ್ಣ ಮೇಸ್ತ್ರಿಯ ಅಂಗೈಯಲ್ಲಿ ಒಂದು ತುಂಡು ಇಟ್ಟ. ಬೂದು ಬಣ್ಣದ ಇಳಿಜಾರು ತುಂಡು, ಮೇಲೆ ಮೀಟರಿನ ಮುಳ್ಳು, ಸ್ವಿಚ್ಚುಗಳ ಚಿತ್ರ. ನೌಕೆಯ ಮೀಟರ್ ಬೋರ್ಡು.

“ತಗೋ, ಇದೊಂದು ಮಿಕ್ತು. ನಿನ್ನ ಬಿಡಿ ತುಂಡಿನ ಡಬ್ಬಿಗೆ ಹಾಕ್ಕೋ.”

ಮೇಸ್ತ್ರಿಗೆ ತಲೆ ಕೆಟ್ಟಿತು. ಈ ಪೆಟ್ಟಿಗೆಗಳಲ್ಲಿ ಸಣ್ಣ ಪುಟ್ಟ ತುಂಡು ಒಂದೆರಡು ಹೆಚ್ಚಿಗೆ ಇಟ್ಟಿರುತ್ತಾರೆ, ಕಳೆದುಹೋದರೆ ಇರಲಿ ಎಂದು. ದೊಡ್ಡದು ಎಂದೂ ಮಿಗುವುದಿಲ್ಲ. ಮಿಕ್ಕಿತೆಂದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಮೀಟರ್ ಬೋರ್ಡಿಲ್ಲದೆ ನಿನ್ನ ಗಾಡಿ ಓಡುವುದು ಹೇಗೆ ಎಂದು ಕೇಳಿದ. ಅಣ್ಣ ಕೆಮ್ಮು ಬರುವ ತನಕ ನಕ್ಕ. ಹೇಗೋ ಓಡುತ್ತೆ ಬಿಡು ಎಂದ. ಚಾವಣಿ ತೆಗೆದು ಸರಿ ಮಾಡುತ್ತೇನೆ ಎಂದು ಕೈ ಚಾಚಿದರೆ, ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ನೌಕೆಯನ್ನು ಎದೆಗೆ ಅವಚಿಕೊಂಡ. ಅದು ಅವನು ಕಟ್ಟಿದ ಮೊದಲನೆಯದು, ಕೊನೆಯದೂ ಅದೇ.

ಅಣ್ಣ ಹೋದ ಮೇಲೆ ನೌಕೆ ಅತ್ತಿಗೆಯ ಕಿಟಕಿಯ ಗೂಡಿನಲ್ಲಿ ಉಳಿಯಿತು. ಮೀಟರ್ ಬೋರ್ಡು ಮೇಸ್ತ್ರಿಯ ಡ್ರಾಯರಿನಲ್ಲಿ, ಒಂದು ಬೆಂಕಿಪೊಟ್ಟಣದಲ್ಲಿ ಉಳಿಯಿತು. ಕಣ್ಣಿಗೆ ಬಿದ್ದಾಗಲೆಲ್ಲ, ಅಷ್ಟೂ ಮಾಡಿ ಇದೊಂದನ್ನು ಬಿಟ್ಟನಲ್ಲ ಎಂದುಕೊಳ್ಳುತ್ತಿದ್ದ.

ಒಂದು ಶನಿವಾರ ಅತ್ತಿಗೆ ಅವನನ್ನು ಕರೆಸಿದಳು. ನೌಕೆಯ ಸಂದುಗೊಂದಿಯಲ್ಲೆಲ್ಲ ಧೂಳು ಕೂತು ಬಿಳಿಯದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವಳಿಗೆ ಬಟ್ಟೆಯಲ್ಲಿ ಒರೆಸಲು ಹೆದರಿಕೆ.

“ನಿನ್ನವನ್ನೆಲ್ಲ ಬ್ರಷ್ಷಲ್ಲಿ ಒರೆಸ್ತೀಯಲ್ಲ, ಇದನ್ನೂ ಒಂಚೂರು ನೋಡಪ್ಪ. ಆದ್ರೆ ಬಿಚ್ಚಬೇಡ. ಅವರು ಕೂಡಿಸಿದ್ದು ಹಾಗೇ ಇರ್ಲಿ. ಅವರ ಕೈಯಿಂದು ಅಂತ ನನ್ನ ಹತ್ರ ಇರೋದು ಇದೊಂದೇ.”

ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟ. ನಿಜವೇ ಆಗಿತ್ತು ಅವಳ ಮಾತು. ಅಣ್ಣ ಬೇಯಿಸಿದ್ದನ್ನೆಲ್ಲ ಜನ ಆಯಾ ದಿನವೇ ತಿಂದು ಮುಗಿಸಿದ್ದರು. ಹಳೆಯ ಬೇಕರಿ ತಟ್ಟೆಯೊಂದರಲ್ಲಿ ನೌಕೆಯನ್ನು ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ದಾರಿಯುದ್ದಕ್ಕೂ ತುಂಬಿದ ಕೊಡ ಹೊತ್ತವನಂತೆ ನಡೆದ. ತನ್ನ ಕಟ್ಟಡ ಬಂತು. ಲಿಫ್ಟಿನ ಬಾಗಿಲು ತೆರೆಯಿತು. ಅದು ಅವನೇ ನೋಡಿಕೊಳ್ಳುವ ಲಿಫ್ಟು. ನೆಲಕ್ಕಿಂತ ಒಂದು ಬೆರಳು ಮೇಲೆ ನಿಲ್ಲುತ್ತಿದೆ ಎಂದು ಹೆಂಡತಿ ವಾರದಿಂದ ಹೇಳುತ್ತಲೇ ಇದ್ದಳು. ನಾಳೆ ನೋಡೋಣ ಎನ್ನುತ್ತಲೇ ಇದ್ದ. ದೀಪದ ಬುಡದಲ್ಲಿ ಯಾವಾಗಲೂ ಕತ್ತಲೆ. ಕಾಲ ಹೆಬ್ಬೆರಳು ಆ ಅಂಚಿಗೆ ತಗುಲಿತು. ಮೇಸ್ತ್ರಿ ಬೀಳಲಿಲ್ಲ, ತಟ್ಟೆ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸದ್ದು ಕೇಳಿ ಹೆಂಡತಿ ಇಳಿದು ಬಂದಾಗ ಅವನು ಲಿಫ್ಟಿನ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಅವಳೂ ಬಗ್ಗಿ ಸೆರಗಿನಲ್ಲಿ ತುಂಡು ಆಯ್ದುಕೊಳ್ಳತೊಡಗಿದಳು. ಕೆಲವು ಸಂದಿಯಿಂದ ಜಾರಿ ಗುಂಡಿಗೆ ಬಿದ್ದಿದ್ದವು. ಲಿಫ್ಟನ್ನು ಮೇಲೆ ನಿಲ್ಲಿಸಿ ಅವನು ಗುಂಡಿಗೆ ಇಳಿದ. ಏಣಿ ಸಿಕ್ಕಿತು, ಹಸಿರು ದೀಪ ಸಿಕ್ಕಿತು, ನೌಕೆಯ ಇಬ್ಬರು ಗಗನಯಾತ್ರಿಗಳು, ಒಬ್ಬ ಬಿಳಿ ಉಡುಪಿನವನು, ಒಬ್ಬ ನೀಲಿ ಉಡುಪಿನವನು, ಗ್ರೀಸಿನಲ್ಲಿ ಮಕಾಡೆ ಬಿದ್ದಿದ್ದರು. ಇಬ್ಬರನ್ನೂ ಅಂಗಿಯ ತುದಿಯಲ್ಲಿ ಒರೆಸುವಾಗ ಮೇಸ್ತ್ರಿ ಅತ್ತ. ಮೇಲೆ ನಿಂತಿದ್ದ ಹೆಂಡತಿ ಬೇರೆ ಕಡೆ ನೋಡಿದಳು.

ಭಾನುವಾರ ಬೆಳಗ್ಗೆ ಎಲ್ಲವನ್ನೂ ತೊಳೆದು ಒಣಗಿಸಿ ಮೇಜಿಗೆ ಕೂತ. ಚಿತ್ರದ ಪುಸ್ತಕ ಅವನ ಹತ್ತಿರವೇ ಇತ್ತು. ಕಟ್ಟುವುದು ಕಷ್ಟವಲ್ಲ, ತಪ್ಪು ಕಟ್ಟುವುದು ಕಷ್ಟ. ಏಣಿಯನ್ನು ಎಡಕ್ಕೆ ಇಡಲು ಹೋದರೆ ಕೈ ತಾನಾಗಿ ಬಲಕ್ಕೆ ಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಅಂದು ಅಣ್ಣನ ಜೊತೆ ಜಗಳವಾಡಿದ ಒಂದೊಂದು ತಪ್ಪನ್ನೂ ಇಂದು ನೆನೆಸಿ ನೆನೆಸಿ ಅದರದರ ಜಾಗದಲ್ಲಿ ಇಟ್ಟ. ಹಸಿರು ದೀಪ ಕೆಂಪಿನ ಜಾಗಕ್ಕೆ ಹೋಯಿತು. ಒಳಗಿನದ್ದು ಮಾತ್ರ ಅವನು ನೋಡಿರಲಿಲ್ಲ, ಅಣ್ಣ ತೋರಿಸಿರಲೇ ಇಲ್ಲ. ಅದನ್ನು ಪುಸ್ತಕದ ಪ್ರಕಾರ ಮಾಡಿದ. ಬಿಳಿಯವನನ್ನು ಮೇಲಿನ ಕೋಣೆಯಲ್ಲಿ ಕೂರಿಸಿದ, ನೀಲಿಯವನನ್ನು ಕೆಳಗಿನ ಉಗ್ರಾಣದಲ್ಲಿ ಚಂದ್ರನ ಕಲ್ಲುಗಳ ಜೊತೆ ಕೂರಿಸಿದ. ಆಮೇಲೆ ಡ್ರಾಯರ್ ಎಳೆದು ಬೆಂಕಿಪೊಟ್ಟಣ ತೆಗೆದ. ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಅಣ್ಣನ ನೌಕೆ ಇದೊಂದಕ್ಕಾಗಿ ಅರೆಕೊರೆಯಾಗಿ ಉಳಿಯುವುದು ಬೇಡ, ಹೇಗೂ ಬಿಚ್ಚಿ ಹೋಗಿದೆ, ಇಷ್ಟಾದರೂ ಅವನಿಗೆ ಮಾಡಿಕೊಡೋಣ ಎನ್ನಿಸಿತು. ಮೀಟರ್ ಬೋರ್ಡನ್ನು ಬಿಳಿಯವನ ಮುಂದೆ ಒತ್ತಿ ಕೂರಿಸಿ ಚಾವಣಿ ಮುಚ್ಚಿದ.

ಅತ್ತಿಗೆಗೆ ಹೇಳಲೇಬೇಕು ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಹೇಳುವ ಮನಸ್ಸೂ ಇತ್ತು. ಆದರೆ ಬೆಳ್ಳಗಾದ ನೌಕೆ ಕಂಡು ಅತ್ತಿಗೆಯ ಮುಖ ಅರಳಿದ್ದೇ ತಡ, ಅವನು ಹೇಳುವುದನ್ನು ಬಿಟ್ಟು ನೌಕೆಯನ್ನು ಅವಳ ಕೈಗಿಟ್ಟ. ಒಂದು ಚೂರೂ ಅಲ್ಲಾಡಿಲ್ಲ ನೋಡು ಎಂದು ಅವಳು ಮೆಚ್ಚಿಕೊಂಡರೆ, ಕುಂಬಳಕಾಯಿ ಕಳ್ಳನ ಹಾಗೆ ಇವನ ಕೈ ತನ್ನ ಹೆಗಲಿಗೇ ಹೋಯಿತು. ಅಷ್ಟರಲ್ಲಿ ಅವಳು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸುವಂತೆ, ಉಗುರಿನಿಂದ ನೌಕೆಯ ಚಾವಣಿ ಎತ್ತಿದಳು. ಹಾಗೆ ದಿನಾ ಎತ್ತಿ ನೋಡುವ ಅಭ್ಯಾಸ ಅವಳಿಗಿದೆ ಎಂದು ಮೇಸ್ತ್ರಿಗೆ ಗೊತ್ತೇ ಇರಲಿಲ್ಲ.

ಅತ್ತಿಗೆ ಒಳಗೆ ನೋಡಿದಳು. ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಇನ್ನೊಬ್ಬ ಎಲ್ಲಿ?” ಎಂದಳು.

ಆಗ ಹೇಳಿದ. ಲಿಫ್ಟಿನ ಅಂಚು, ತಟ್ಟೆ, ಗುಂಡಿ, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಹೇಳಿದ. ಏಣಿ, ದೀಪ ಎಲ್ಲ ಅಣ್ಣ ಇಟ್ಟ ಹಾಗೇ ಇಟ್ಟಿದ್ದೇನೆ, ಒಳಗೆ ಮಾತ್ರ ಅವನು ಬಿಟ್ಟಿದ್ದ ತುಂಡನ್ನು ಸೇರಿಸಿದ್ದೇನೆ ಎಂದ. ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಬಿಟ್ಟಿದ್ದಲ್ಲ ಕಣಪ್ಪ ಅದು, ತೆಗೆದಿದ್ದು,” ಎಂದಳು. “ಈ ಕೆಳಗಿನ ಗೂಡು ಏನೇ ಅಂತ ಕೇಳಿದ್ರು. ನಾನು ಪುಸ್ತಕ ನೋಡಿ, ಉಗ್ರಾಣ, ನೀಲಿಯವನು ಅಲ್ಲಿ ಕೂರ್ಬೇಕಂತೆ ಅಂದೆ. ನಿನ್ನ ಕೆಲಸದ ಬಟ್ಟೆ ಥರಾನೇ ನೀಲಿ ಬಟ್ಟೆ ನೋಡಿ ಅದು ನೀನೇ ಅಂತ ಆಗ್ಲೇ ತೀರ್ಮಾನ ಮಾಡಿದ್ರು. ಬಿಳಿಯವನು ತಾನಂತೆ, ಮೈಯೆಲ್ಲ ಹಿಟ್ಟು ಅಂತೆ. ನನ್ನ ತಮ್ಮ ಜೀವಮಾನವೆಲ್ಲ ಗುಂಡೀಲೇ ಕೂತಿದಾನೆ, ಚಂದ್ರನ ಹತ್ರ ಹೋಗೋವಾಗಲೂ ಗುಂಡೀಲೇ ಕೂರ್ಬೇಕಾ, ಮೇಲೆ ಬಂದು ಕೂತ್ಕೊಳ್ಳಲಿ ಅಂದ್ರು. ಇಬ್ಬರಿಗೆ ಜಾಗ ಸಾಲ್ಲಿಲ್ಲ. ಅದಕ್ಕೇ ಅದನ್ನ ಕಿತ್ತು ತೆಗೆದ್ರು. ಮೀಟರಿಲ್ದೆ ಓಡಿಸೋದು ಹೇಗೆ ಅಂತ ನಾನೂ ಕೇಳ್ದೆ. ಅವನಿದಾನಲ್ಲೇ, ಅವನಿದ್ಮೇಲೆ ಮೀಟರ್ ಯಾಕೆ ಅಂದ್ರು.”

ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವ ಹಾಗೇ ಇರಲಿಲ್ಲ. ಅಣ್ಣ ಅಂಥದ್ದನ್ನು ಎದುರಿಗೆ ಹೇಳುವ ಪೈಕಿಯೇ ಅಲ್ಲ. ಹೇಳಿದ್ದರೆ ತಾನೂ ನಿಂತು ಕೇಳುವ ಪೈಕಿಯಲ್ಲ.

“ಅತ್ತಿಗೆ, ಅಣ್ಣನ ಕೈಗುರುತು ಹೋಯ್ತಲ್ಲ ಇದರಿಂದ,” ಎಂದ.

“ಮೊದ್ಲು ಅದನ್ನ ತೆಗಿ ನೀನು,” ಎಂದಳು ಅವಳು.

ಮೀಟರ್ ಬೋರ್ಡನ್ನು ಕಿತ್ತ. ಉಗ್ರಾಣದಿಂದ ನೀಲಿಯವನನ್ನು ಎತ್ತಿ ಬಿಳಿಯವನ ಪಕ್ಕಕ್ಕೆ ತಂದ. ಇಬ್ಬರೂ ಹಿಡಿಸಲಿಲ್ಲ. ಮುಂದೆ ತಳ್ಳಿದ, ಹಿಂದೆ ತಳ್ಳಿದ, ಓರೆ ಮಾಡಿದ. ಕೈಗೆ ಕೈ ತಾಗುತ್ತಿತ್ತು. ಅಣ್ಣನ ಆ ದಪ್ಪ ಬೆರಳುಗಳು ಇಲ್ಲಿ ಹೇಗೆ ಆಡಿದವೋ ಎಂದು ಮೇಸ್ತ್ರಿ ಬೆವತ. ಕೊನೆಗೆ ಬಿಳಿಯವನ ಒಳಗಡೆಯ ಕೈಯನ್ನು ಪೂರ್ತಿ ಮೇಲೆತ್ತಿ ನೋಡಿದ. ನೀಲಿಯವನು ಟಕ್ಕೆಂದು ಪಕ್ಕದಲ್ಲಿ ಕೂತ. ಅದೊಂದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಹಾಗಾದರೆ ಅಣ್ಣನೂ ಹೀಗೇ ಬೆವತು ಹೀಗೇ ಆ ಕೈಯನ್ನು ಎತ್ತಿರಬೇಕು. ಈಗ ಬಿಳಿಯವನು ತಮ್ಮನನ್ನು ತೋರಿಸಿ ಯಾರನ್ನೋ ಕೂಗುವವನಂತೆ ಕಾಣುತ್ತಿದ್ದ.

ಅತ್ತಿಗೆ ಬಗ್ಗಿ ನೋಡಿದಳು. ಅವಳ ಕಣ್ಣು ತುಂಬಿ ಬಂತು.

“ಹೀಗೇ ಇತ್ತು,” ಎಂದಳು.

ಚಾವಣಿಯನ್ನು ಅವಳೇ ಮುಚ್ಚಿದಳು. ನೌಕೆ ಗೂಡಿಗೆ ಹೋಯಿತು. ಮಿಕ್ಕ ತುಂಡನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟು, ಅದು ನಿನ್ನ ಡಬ್ಬಿಯದು, ಹುಷಾರಾಗಿ ಇಟ್ಟುಕೋ ಎಂದಳು.

ಸಂಜೆ ಅವನು ನೇರ ಮನೆಯೊಳಗೆ ಹೋಗಲಿಲ್ಲ. ಮೊದಲು ಲಿಫ್ಟು ಬಿಚ್ಚಿ, ಆ ಒಂದು ಬೆರಳಿನ ಅಂತರವನ್ನು ಸರಿ ಮಾಡಿ, ಎರಡು ಸಲ ಮೇಲೆ ಕೆಳಗೆ ಓಡಿಸಿ ನೋಡಿ ಆಮೇಲೆ ಒಳಗೆ ಬಂದ. ಕೈಯೆಲ್ಲ ಗ್ರೀಸು. ಹೆಂಡತಿ ಬಾಗಿಲಲ್ಲೇ ಕಾದಿದ್ದಳು.

“ಹೇಳಿದ್ರಾ? ಏನಂದ್ರು?”

ಮೇಸ್ತ್ರಿ ಜೇಬು ಮುಟ್ಟಿ ನೋಡಿಕೊಂಡ. ತುಂಡು ಅಲ್ಲೇ ಇತ್ತು.

“ಗುಂಡೀಲಿ ಕೂತಿದ್ದು ಸಾಕು, ಮೇಲೆ ಬಂದು ಕೂತ್ಕೋ ಅಂದಿದಾನಂತೆ ಅಣ್ಣ,” ಎಂದು ಹೇಳಿ ಕೈ ತೊಳೆಯಲು ಹೋದ.